ಗಾಳಿ ನಮ್ಮದು, ರಾಶಿ ಯಾರದು?

ಗಾಳಿಯ ಬೆಲೆಯನ್ನು ನಮ್ಮ ಎರೆನಾಡಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಜೋಳದ ರಾಶಿಯ ದಿನಗಳಲ್ಲಿ ಕಣದಲ್ಲಿ ಮೊರ ಹಿಡಿದು ಗಾಳಿಗಾಗಿ ಕಾದವರು ನಮ್ಮ ಹಿರಿಯರು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯ ಅರ್ಥ ನಮಗೆ ಪಠ್ಯಪುಸ್ತಕದಿಂದ ತಿಳಿದದ್ದಲ್ಲ. ಗಾಳಿ ಎಲ್ಲರದು, ಕಾಳು ಮಾತ್ರ ತೂರಿದವನದು.

ಈಗ ನಮ್ಮ ಬೆಳವಣಕಿಯಿಂದ ಗಜೇಂದ್ರಗಡದ ಕಡೆಗೆ ಹೊರಟರೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಕಪ್ಪತಗುಡ್ಡದ ಸೀಮೆಯಲ್ಲಿಯೂ ಅವುಗಳ ಸಾಲುಗಳಿವೆ. ಕಲ್ಲಿದ್ದಲನ್ನು ಸುಡದೆ ವಿದ್ಯುತ್ ದೊರೆಯುವುದು ಸಂತೋಷದ ಸಂಗತಿಯೇ. ಆದರೆ ಅವುಗಳ ಒಡೆತನ ಬಹುಮಟ್ಟಿಗೆ ದೂರದ ಕಂಪನಿಗಳದು. ಹೊಲ ಕೊಟ್ಟವರಿಗೆ ಒಂದಿಷ್ಟು ಹಣ, ಕೆಲವರಿಗೆ ಕಾವಲಿನ ಕೆಲಸ. ವರ್ಷವರ್ಷದ ಲಾಭದಲ್ಲಿ ಊರಿಗೆ ಪಾಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ತಂದೆತಾಯಿಗಳೊಡನೆ ಗೋವೆಗೋ ಮಂಗಳೂರಿಗೋ ಗುಳೆ ಹೋಗಿ, ಹಾಜರಿ ಪುಸ್ತಕದಲ್ಲಿ ಹೆಸರನ್ನಷ್ಟೇ ಉಳಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಊರಿನ ಸಂಪತ್ತು ಊರಿನಲ್ಲಿ ಎಷ್ಟು ಉಳಿಯುತ್ತದೆಂಬ ಪ್ರಶ್ನೆ ನನಗೆ ಕೇವಲ ಲೆಕ್ಕದ ಪ್ರಶ್ನೆಯಲ್ಲ.

ಒಡೆಯರಾಗಲು ನಮಗೆ ಶಕ್ತಿಯೆಲ್ಲಿದೆ ಎಂದು ಕೆಲವರು ಕೇಳುವರು. ಅವರಿಗೆ ನಮ್ಮ ಜಿಲ್ಲೆಯ ಕಣಗಿನಹಾಳವನ್ನು ನೆನಪಿಸುತ್ತೇನೆ. 1904ರಲ್ಲಿ ಸಹಕಾರಿ ಕಾಯ್ದೆ ಬಂದಿತು. 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಸಾಲಕ್ಕಾಗಿ ಸಾಹುಕಾರರ ಬಾಗಿಲು ಕಾಯುತ್ತಿದ್ದ ರೈತರು ತಮ್ಮದೇ ಪೆಟ್ಟಿಗೆಗೆ ತಾವೇ ಒಡೆಯರಾದರು. ವಿದ್ಯುತ್ತಿಗೂ ಈ ಮಾರ್ಗ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಅದು ವಿದ್ಯುತ್ತನ್ನು ತಯಾರಿಸುವ ಸಂಘವಲ್ಲ, ಕೊಂಡು ಹಂಚುವ ಸಂಘ. ಆದರೂ ಕಂಬ, ತಂತಿ, ಬಿಲ್ಲುಗಳ ವ್ಯವಹಾರವನ್ನು ಸದಸ್ಯರ ಸಂಘವೊಂದು ನಡೆಸಬಲ್ಲುದೆಂಬುದಕ್ಕೆ ಅದು ಸಾಕ್ಷಿ.

ಊರೇ ವಿದ್ಯುತ್ತನ್ನು ತಯಾರಿಸಿದ ಉದಾಹರಣೆ ಬೇಕೆಂದರೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಗ್ರಾಮಕ್ಕೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ತಂಡ ಅಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿತು. ಮೊದಲು ಅಡುಗೆಗೆ ಅನಿಲ ಕೊಡುವ ಯೋಚನೆಯಿತ್ತು, ಅನಿಲ ಸಾಲಲಿಲ್ಲ. ಊರಿನವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು. 1987ರಿಂದ ಆ ಅನಿಲಕ್ಕೆ ಸ್ವಲ್ಪ ಡೀಸೆಲ್ ಬೆರೆಸಿ ಎಂಜಿನ್ ಓಡಿಸಿದರು; ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ಸಿಗುತ್ತಿತ್ತು. ಅನಿಲ ತೆಗೆದ ಮೇಲೆ ಗೊಬ್ಬರವೂ ಅವರಿಗೇ ಮರಳುತ್ತಿತ್ತು. ಆ ವ್ಯವಸ್ಥೆ ಈಗ ಉಳಿದಿಲ್ಲ. ಆದರೆ ನಡೆದಷ್ಟು ವರ್ಷ ಅದು ನಡೆದದ್ದು ಎಂಜಿನ್ನಿನ ಬಲದಿಂದಷ್ಟೇ ಅಲ್ಲ. ಕೊಟ್ಟದ್ದು ಎಷ್ಟು, ಬಂದದ್ದು ಎಷ್ಟು ಎಂಬುದು ಪ್ರತಿ ಮನೆಗೂ ಕಣ್ಣೆದುರು ಇತ್ತು.

ದೊಡ್ಡ ಪ್ರಮಾಣದಲ್ಲಿಯೂ ಇದು ಸಾಧ್ಯ. ಡೆನ್ಮಾರ್ಕಿನ ಕೋಪನ್ ಹೇಗನ್ ನಗರದ ಬಳಿ ಸಮುದ್ರದಲ್ಲಿ 2000ದಲ್ಲಿ 20 ಗಾಳಿಯಂತ್ರಗಳು ಎದ್ದವು. ಅವುಗಳಲ್ಲಿ ಅರ್ಧದ ಒಡೆಯರು 8 ಸಾವಿರಕ್ಕೂ ಮಿಕ್ಕಿದ ಸಾಮಾನ್ಯ ಷೇರುದಾರರ ಸಹಕಾರ ಸಂಘ. ಕಣಗಿನಹಾಳದ ನಾಡಿನವರಿಗೆ ಈ ಪಾಠ ಅಪರಿಚಿತವೇ?

ಒಂದು ಗಾಳಿಯಂತ್ರಕ್ಕೆ ಕೋಟಿಗಟ್ಟಲೆ ಹಣ ಬೇಕೆಂಬುದನ್ನು ನಾನು ಬಲ್ಲೆ. ಆದರೆ ಸೂರ್ಯನಿಂದ ಸಣ್ಣದಾಗಿ ಆರಂಭಿಸಬಹುದು. 2019ರಲ್ಲಿ ಕೇಂದ್ರ ಸರಕಾರ ತಂದ ಪಿಎಂ-ಕುಸುಮ್ ಯೋಜನೆಯು ರೈತರಿಗೆ ಮಾತ್ರವಲ್ಲ, ಸಹಕಾರ ಸಂಘಗಳಿಗೆ ಮತ್ತು ಪಂಚಾಯತಿಗಳಿಗೂ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗೆ ಸೌರ ಸ್ಥಾವರ ಕಟ್ಟಿ ವಿದ್ಯುತ್ತನ್ನು ಮಾರಲು ದಾರಿ ತೆರೆಯಿತು. ಫಲವತ್ತಾದ ಎರೆಹೊಲ ಇದಕ್ಕೆ ಬೇಕಿಲ್ಲ, ಪಾಳುಬಿದ್ದ ನೆಲ ಸಾಕು. ಹೊಲವಿಲ್ಲದ ಕೂಲಿಕಾರನಿಗೂ ಒಂದು ಷೇರು ಇರಬೇಕೆಂಬುದನ್ನು ಮಾತ್ರ ಮೊದಲ ದಿನವೇ ಬರೆದಿಡಬೇಕು. ಹೊಲದ ಬಾಡಿಗೆ ಹೊಲವಿದ್ದವನಿಗೆ ಸಲ್ಲುತ್ತದೆ. ಲಾಭದ ಪಾಲು ಊರಿಗೆಲ್ಲ ಸಲ್ಲಬಲ್ಲುದು.

ನನ್ನ ಶಿಷ್ಯರಲ್ಲಿ ಈಗ ಎಂಜಿನಿಯರರಿದ್ದೀರಿ, ಬ್ಯಾಂಕಿನವರಿದ್ದೀರಿ, ಲೆಕ್ಕಪರಿಶೋಧಕರೂ ಇದ್ದೀರಿ. ಜಾತ್ರೆಗೆ ಊರಿಗೆ ಬಂದಾಗ ಒಂದು ಸಂಜೆ ಸೊಸಾಯಿಟಿಯ ಕಟ್ಟೆಯ ಮೇಲೆ ಹಿರಿಯರೊಡನೆ ಕುಳಿತು ಲೆಕ್ಕ ಹಾಕಿರಿ: ನೆಲ ಎಷ್ಟು, ಸಾಲ ಎಷ್ಟು, ಎಷ್ಟು ವರ್ಷಕ್ಕೆ ತೀರೀತು. ಕಾಗದ, ಪೆನ್ಸಿಲ್ ನಾನು ತರುತ್ತೇನೆ.