ಅಮ್ಮನಿಂದ ಶುರುವಾಗುವ ಪಟ್ಟಿ

1980ರ ದಶಕದಲ್ಲಿ ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಮನೆಗಳಲ್ಲಿ ದಿಲ್ಲಿ ಪ್ರವಾಸದ ಮಾತು ಏಳುತ್ತಿದ್ದದ್ದೇ ಎಲ್‌ಟಿಸಿಯ (ರಜಾ ಪ್ರವಾಸ ರಿಯಾಯಿತಿಯ) ನೆಪದಿಂದ. ನಾಲ್ಕು ವರ್ಷದ ಒಂದು ಬ್ಲಾಕಿನಲ್ಲಿ ಒಮ್ಮೆ ದೇಶದ ಯಾವ ಮೂಲೆಗೆ ಬೇಕಾದರೂ ಕುಟುಂಬ ಸಮೇತ ಹೋಗಿಬರಬಹುದಿತ್ತು. ರೈಲು ಖರ್ಚು ಸರ್ಕಾರದ್ದು. ಖರ್ಚು ಸರ್ಕಾರದ್ದೆಂದ ಮೇಲೆ ಹತ್ತಿರದ ಊರಿಗೆ ಯಾಕೆ ಹೋಗಬೇಕು ಎಂಬುದು ಅಂದಿನ ತರ್ಕ. ಬೆಂಗಳೂರಿನ ಎಷ್ಟೋ ಮನೆಯವರು ಹಾಗೆಯೇ ದಿಲ್ಲಿ ನೋಡಿದರು.

ಅಪ್ಪ ರಜೆ ಮಂಜೂರು ಮಾಡಿಸಿಕೊಂಡು, ಮುಂಗಡ ತೆಗೆದು, ನಸುಕಿನಲ್ಲೇ ರಿಸರ್ವೇಷನ್ ಕೌಂಟರಿನ ಸಾಲಿಗೆ ಹೋಗುತ್ತಿದ್ದರು. ವಾಪಸು ಬರುವ ಟಿಕೆಟ್ಟಿಗೆ ರೈಲ್ವೆಯವರು ದಿಲ್ಲಿಗೆ ತಂತಿ ಕಳಿಸಬೇಕಿತ್ತು. ಆರ್.ಕೆ. ಪುರಂನ ಕ್ವಾರ್ಟರ್ಸಿನಲ್ಲಿದ್ದ ಚಿಕ್ಕಪ್ಪನಿಗೆ ಒಂದು ಇನ್‌ಲ್ಯಾಂಡ್ ಪತ್ರ. ಅದರಲ್ಲೂ ಲೆಕ್ಕಾಚಾರವಿತ್ತು: ನಮ್ಮ ಶಾಲೆಗಳ ರಜೆ ಏಪ್ರಿಲ್, ಮೇ, ಅಲ್ಲಿಯದು ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಸ್ವಲ್ಪ ತಡವಾದರೂ ದಿಲ್ಲಿಯ ಕನ್ನಡಿಗರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟುಬಿಡುತ್ತಿದ್ದರು.

ರೈಲಿನಲ್ಲಿ ಸುಮಾರು ನಲವತ್ತು ಗಂಟೆ. ಗುಂತಕಲ್, ಸೊಲ್ಲಾಪುರ, ಮನ್ಮಾಡ್, ಭೋಪಾಲ್, ಝಾನ್ಸಿ. ಮೊದಲ ರಾತ್ರಿಗೆ ಮೊಸರನ್ನ, ಮರುದಿನಕ್ಕೆ ಪುಳಿಯೋಗರೆ, ಆಮೇಲೆ ಒಣ ಚಪಾತಿ, ಚಟ್ನಿಪುಡಿ. ನಡುವೆ ಮಕ್ಕಳ ಬಾಯಿಗೆ ಕೋಡುಬಳೆ. ಹೋಲ್ಡಾಲಿನಲ್ಲಿ ಹಾಸಿಗೆ, ಕೂಜಾದಲ್ಲಿ ನೀರು. ಇಷ್ಟೂ ಅಮ್ಮನ ಪಾಲಿನ ಕೆಲಸ. ಅಪ್ಪನ ಡೈರಿಯಲ್ಲಿ ಬಿಲ್ಲಿಗೆ ಬೇಕಾದ ಟಿಕೆಟ್ ನಂಬರುಗಳಿದ್ದವು, ನೋಡಬೇಕಾದ ಜಾಗಗಳಿದ್ದವು; ಅಮ್ಮನ ಬಗ್ಗೆ ಒಂದು ಸಾಲೂ ಇರಲಿಲ್ಲ.

ದಿಲ್ಲಿಯಲ್ಲಿ ಇಳಿದ ಮೇಲೆ ಟೂರಿಸ್ಟ್ ಬಸ್ಸಿನಲ್ಲಿ ಒಂದೇ ದಿನಕ್ಕೆ ಕೆಂಪುಕೋಟೆ, ರಾಜಘಾಟ್, ಇಂಡಿಯಾ ಗೇಟ್, ಕುತುಬ್ ಮಿನಾರ್. "ಅಕ್ಕ, ಮಧ್ಯಾಹ್ನ ಹೊರಗೆ ಇರಬೇಡಿ, ಲೂ ಬಿಸಿಗಾಳಿ ಹೊಡೆಯುತ್ತೆ" ಎಂದು ಚಿಕ್ಕಮ್ಮ ಕೈಗೊಂದು ಈರುಳ್ಳಿ ಕೊಟ್ಟು, ಮಾವಿನಕಾಯಿ ಪನ್ನಾ ಕುಡಿಸಿ ಕಳಿಸಿದ್ದರು. ಆದರೆ ಬಸ್ಸು ಹೊರಡುವ ಹೊತ್ತು ನಮ್ಮ ಕೈಯಲ್ಲಿರಲಿಲ್ಲ. ಕುತುಬ್ ಮಿನಾರನ್ನು ಹತ್ತುವ ಆಸೆ ನಮಗಿತ್ತು. 1981ರ ಡಿಸೆಂಬರಿನ ಕಾಲ್ತುಳಿತದಲ್ಲಿ ನಲವತ್ತಕ್ಕೂ ಹೆಚ್ಚು ಜನ, ಬಹುಪಾಲು ಶಾಲಾಮಕ್ಕಳು, ಸತ್ತ ಮೇಲೆ ಒಳಗಿನ ಮೆಟ್ಟಿಲು ಮುಚ್ಚಿತ್ತು. ಕೆಂಪುಕೋಟೆಯಲ್ಲಿ ಅಮ್ಮ ದಿವಾನ್-ಎ-ಆಮ್‌ನ ಕಂಬದ ನೆರಳಿನಲ್ಲಿ ಚೀಲಗಳನ್ನು ಕಾಯುತ್ತ ಕುಳಿತರು. ಉಳಿದದ್ದನ್ನು ನಾವು ನೋಡಿಬಂದೆವು. ಆ ಪ್ರವಾಸವನ್ನು ಹಿಂದಿನವರ ಸರಳ ಸುಖವೆಂದು ಕೊಂಡಾಡಲು ನನಗೆ ಮನಸ್ಸಿಲ್ಲ. ಅದರ ಭಾರ ಒಬ್ಬರ ಮೇಲೇ ಬಿದ್ದಿತ್ತು.

ಈಗ ಮನೆಯಲ್ಲಿ ಮತ್ತೆ ದಿಲ್ಲಿಯ ಮಾತು. ಯೋಜನೆ ಅಣ್ಣನ ಮಗಳದು. ವಿಮಾನದಲ್ಲಿ ಮೂರು ಗಂಟೆಯೊಳಗೆ ಮುಟ್ಟಬಹುದು. ರೈಲೇ ಬೇಕೆಂದರೂ ಸಾಲಿಲ್ಲ, ತಂತಿಯಿಲ್ಲ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನಕ್ಕಿಳಿದಿದೆ, ಅಷ್ಟನ್ನು ನೆನಪಿಟ್ಟರೆ ಸಾಕು. ಸುಲಭವಾಗದೆ ಉಳಿದಿರುವುದು ಬಿಸಿಲೊಂದೇ. 2024ರ ಮೇ ಕೊನೆಯಲ್ಲಿ ದಿಲ್ಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ತಾಪಮಾನ 46 ಡಿಗ್ರಿ ದಾಟಿತ್ತು. ಕ್ವಾರ್ಟರ್ಸಿನ ತಾರಸಿಗೆ ನೀರು ಚಿಮುಕಿಸಿ, ಚಾಪೆ ಹಾಸಿ ಮಲಗಿದ ರಾತ್ರಿಗಳನ್ನು ನಂಬಿ ಇಂದು ಹೊರಡುವ ಹಾಗಿಲ್ಲ.

ಹುಡುಗಿ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದದ್ದು: ಅಜ್ಜಿಗೆ ಒಂದೇ ಸಮನೆ ಎಷ್ಟು ಹೊತ್ತು ನಡೆಯಲಾಗುತ್ತದೆ? ಉಳಿದೆಲ್ಲ ಅದರಿಂದ ಹುಟ್ಟಿತು. ಹೊರಡುವುದು ಏಪ್ರಿಲ್ ನಡುವಿಗೆ, ಮೇ ಬೇಡ. ಬೆಳಿಗ್ಗೆ ಒಂದೇ ಜಾಗ. ಸೋಮವಾರ ಕೆಂಪುಕೋಟೆ ಇಲ್ಲ, ಶುಕ್ರವಾರ ಆಗ್ರಾದ ತಾಜ್ ಇಲ್ಲ, ಆಗ್ರಾವನ್ನೇ ಕೈಬಿಟ್ಟದ್ದಾಯಿತು. 2017ರಲ್ಲಿ ಕೋಟೆಯ ಬಳಿಗೇ ಮೆಟ್ರೋ ಬಂದಿದೆ, ಲಿಫ್ಟ್ ಇದೆ. ಮತ್ತೊಂದು ಬೆಳಿಗ್ಗೆ ಹುಮಾಯೂನನ ಸಮಾಧಿ. ಬಿಸಿಲೇರಿದ ಮೇಲೆ ಅದರ ಪಕ್ಕದಲ್ಲೇ 2024ರಲ್ಲಿ ನೆಲದಡಿ ತೆರೆದ ಮ್ಯೂಸಿಯಂ. ಇನ್ನೊಂದು ಮಧ್ಯಾಹ್ನಕ್ಕೆ ನ್ಯಾಷನಲ್ ಮ್ಯೂಸಿಯಂ, ಮೊಹೆಂಜೊದಾರೊದ ಪುಟ್ಟ ಕಂಚಿನ ನರ್ತಕಿ.

ಪಟ್ಟಿ ಚಿಕ್ಕದಾಯಿತೆಂದು ಅಣ್ಣ ಗೊಣಗಿದ. ನನಗೆ ಹಾಗನ್ನಿಸಲಿಲ್ಲ. 1857ರ ಸೆಪ್ಟೆಂಬರಿನಲ್ಲಿ ಕೊನೆಯ ಮೊಗಲ ಬಾದಷಹ ಬಹದ್ದೂರ್ ಷಾ ಜಫರ್ ಕೆಂಪುಕೋಟೆ ಬಿಟ್ಟು ಹೋಗಿ ಆಶ್ರಯ ಪಡೆದದ್ದು ಇದೇ ಹುಮಾಯೂನನ ಸಮಾಧಿಯಲ್ಲಿ. ಸೆರೆಯಾದದ್ದೂ ಅಲ್ಲೇ. ಮರುವರ್ಷ ಬ್ರಿಟಿಷರು ವಿಚಾರಣೆಗೆ ನಿಲ್ಲಿಸಿದ್ದು ಅವನ ಹಿರಿಯರು ಕಟ್ಟಿಸಿದ ಕೋಟೆಯೊಳಗೆ. ಅಲ್ಲಿಂದ ರಂಗೂನಿಗೆ ಗಡೀಪಾರು. ಮೊಗಲರ ಕೊನೆಯ ಅಧ್ಯಾಯ ಈ ಎರಡೇ ಜಾಗಗಳ ನಡುವೆ ನಡೆದುಹೋಯಿತು. ಅಂದು ಬಸ್ಸಿನ ಗೈಡು ಕೋಟೆಯ ಉದ್ದಗಲ ಹೇಳಿದ, ಇದನ್ನು ಹೇಳಲಿಲ್ಲ. ಹುಮಾಯೂನನ ಸಮಾಧಿ ಅವನ ದಾರಿಯಲ್ಲೇ ಇರಲಿಲ್ಲ. ಎರಡು ಬೆಳಿಗ್ಗೆಗಳಲ್ಲಿ ಇದನ್ನು ಮಕ್ಕಳಿಗೆ ನಿಂತು ಹೇಳಬಹುದು, ಅಮ್ಮ ಕುಳಿತು ಕೇಳಬಹುದು.

ಬೇಸಿಗೆಯಲ್ಲಿ ದಿಲ್ಲಿಗೆ ಹೊರಡುವವರಿಗೆ ನಾನು ಹೇಳುವುದಿಷ್ಟೇ. ಜಾಗಗಳ ಪಟ್ಟಿ ಮಾಡುವ ಮುಂಚೆ ಮನೆಯವರ ಪಟ್ಟಿ ಮಾಡಿ; ಎಲ್ಲರಿಗಿಂತ ನಿಧಾನ ನಡೆಯುವವರ ಹೆಸರು ಮೊದಲಿಗಿರಲಿ. ಅವರಿಗೆ ಆ ಬಿಸಿಲು ಆಗದೆಂದರೆ ದಸರಾ ರಜೆಯವರೆಗೆ ಕಾಯಿರಿ. ಕೆಂಪುಕೋಟೆಗೆ ಆಗಲೇ ಮುನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷ. ಇನ್ನು ಆರು ತಿಂಗಳು ಅದೂ ಕಾಯುತ್ತದೆ.