ಕಂಚಿನ ಕರಡಿಯ ಸುತ್ತ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಕಟ್ಟಿದವರು ಕಿವಿ ಕೇಳುವವರೇ ಇರಬೇಕು. ದಿನವೆಲ್ಲ ಮೌನದಲ್ಲೇ ಇರುವವರಿಗೆ ಅದು ಬಂಗಾರವೂ ಅಲ್ಲ, ತಗಡೂ ಅಲ್ಲ. ಅವರಿಗೆ ಬೇಕಾದದ್ದು ಮಾತು. ಅದು ಬಾಯಲ್ಲೇ ಬರಬೇಕೆಂದಿಲ್ಲ. ಕೈಯಲ್ಲಿ ಬಂದರೂ ಆದೀತು, ಕಂಚಿನಲ್ಲಿ ಬಂದರೂ ಆದೀತು. ಡಗ್ಲಾಸ್ ಟಿಲ್ಡನ್ ಎಂಬ ಶಿಲ್ಪಿಗೆ ಎರಡರಲ್ಲೂ ಬಂತು. ಅವನು ಕಂಚಿನಲ್ಲಿ ಆಡಿದ ಒಂದು ಮಾತು, ನೂರು ವರ್ಷ ದಾಟಿದ ಮೇಲೆ, ಅವನು ಓದಿದ ಶಾಲೆಯಲ್ಲೇ ತಕರಾರಿಗೆ ಕಾರಣವಾಯಿತು.

ಟಿಲ್ಡನ್ ಹುಟ್ಟಿದ್ದು 1860ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕಿವುಡ ಮಕ್ಕಳಿಗಾಗಿ ಒಂದು ಶಾಲೆಯೂ ಶುರುವಾಯಿತು. ಮಗು ಒಂದು ಕಡೆ, ಶಾಲೆ ಒಂದು ಕಡೆ, ಹೇಗೋ ಒಬ್ಬರಿಗಾಗಿ ಒಬ್ಬರು ಹುಟ್ಟಿದಂತಿತ್ತು. ಇನ್ನೂ ಎಳೆಯನಿದ್ದಾಗಲೇ ವಿಷಜ್ವರವೊಂದು ಹುಡುಗನ ಕಿವಿಯನ್ನು ಕಿತ್ತುಕೊಂಡಿತು. ಅವನು ಆ ಶಾಲೆಗೆ ಸೇರಿದ. ಶಾಲೆ ಬರ್ಕ್ಲಿಗೆ ಬಂದಾಗ ಅಲ್ಲೇ ಬೆಳೆದ, ಅಲ್ಲೇ ಮೇಷ್ಟರಾದ. 1888ರಲ್ಲಿ ಶಿಲ್ಪ ಕಲಿಯಲು ಪ್ಯಾರಿಸ್ಸಿಗೆ ಹೊರಟ. ಅಲ್ಲಿ ಅವನಿಗೆ ಪಾಠ ಹೇಳಿದ ಪಾಲ್ ಶೋಪಾನ್ ಕೂಡ ಕಿವುಡನೇ. ಗುರು ಶಿಷ್ಯರಿಬ್ಬರಿಗೂ ಬಾಯಿಮಾತಿನ ಹಂಗಿರಲಿಲ್ಲ.

'ಬೇರ್ ಹಂಟ್', ಅಂದರೆ ಕರಡಿ ಬೇಟೆ, ಹುಟ್ಟಿದ್ದು ಆ ಪ್ಯಾರಿಸ್ಸಿನಲ್ಲಿ, 1892ರಲ್ಲಿ. ಅಮೆರಿಕದ ಇಬ್ಬರು ಮೂಲನಿವಾಸಿಗಳು ಕರಡಿಯೊಂದಿಗೆ ಮೈಗೆ ಮೈ ತಾಗಿಸಿ ಸೆಣಸುತ್ತಿದ್ದಾರೆ. ಪ್ರಾಣ ಉಳಿಯುವುದು ಯಾರದೆಂದು ಹೇಳಲಾಗದ ಹೊತ್ತು ಅದು. ಮೈಯ ಭಾಷೆಯನ್ನು ದಿನವೂ ಓದಿ ಬದುಕಿದವನಿಗಲ್ಲದೆ ಅಂಥ ಶಿಲ್ಪ ಸಾಧ್ಯವಾಗುತ್ತಿರಲಿಲ್ಲ ಎಂದು ಮೆಚ್ಚುವವರುಂಟು.

ಈ ಶಿಲ್ಪ ಬರ್ಕ್ಲಿಯ ಶಾಲೆಯ ಆವರಣಕ್ಕೆ ಬಂತು. 1980ರಲ್ಲಿ ಶಾಲೆ ಫ್ರೀಮಾಂಟ್ ಊರಿಗೆ ಸ್ಥಳಾಂತರವಾದಾಗ ಕರಡಿಯೂ ಜೊತೆಗೆ ಹೊರಟಿತು. ಮನೆ ಬದಲಿಸುವವರು ದೇವರ ಪಟವನ್ನು ಮೊದಲು ಇಳಿಸಿ ಕೊಂಡೊಯ್ಯುವುದಿಲ್ಲವೇ, ಹಾಗೆ. ಹಳೆಯ ವಿದ್ಯಾರ್ಥಿಗಳಿಗೆ ಅದು ಬರಿಯ ಬೊಂಬೆಯಲ್ಲ. ಕಿವುಡನಿಂದ ಏನಾದೀತು ಎಂದು ಲೋಕ ಕೇಳುತ್ತಿದ್ದ ಕಾಲಕ್ಕೆ ಕೊಟ್ಟ ಉತ್ತರ ಅದು.

ಆ ಕಾಲವೂ ಎಂಥದು! 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ಸೇರಿ, ಸನ್ನೆಭಾಷೆ ಬೇಡ, ಬಾಯಿಮಾತೇ ಮೇಲು ಎಂದು ತೀರ್ಮಾನಿಸಿತ್ತು. ಅಲ್ಲಿದ್ದ 164 ಪ್ರತಿನಿಧಿಗಳಲ್ಲಿ ಕಿವುಡ ಒಬ್ಬನೇ. ಆಮೇಲೆ ಶಾಲೆ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿದರು, ಸನ್ನೆ ಮಾಡಿದರೆ ಹೊಡೆದರು. ಆ ತೀರ್ಮಾನ ತಪ್ಪೆಂದು ಅಂಥದೇ ಸಮ್ಮೇಳನ ವಿಷಾದ ಸೂಚಿಸಿದ್ದು 2010ರಲ್ಲಿ. ಆಗಲೇ 130 ವರ್ಷ ಕಳೆದಿತ್ತು. ಇಷ್ಟನ್ನು ಉಂಡ ಜನಕ್ಕೆ ತಮ್ಮವನೊಬ್ಬನ ಕೈಕೆಲಸ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಶಿಲ್ಪದಲ್ಲಿರುವವರು ಯಾರು? ಪ್ರಶ್ನೆ ಎದ್ದದ್ದು ಇಲ್ಲಿ.

2020ರ ಜೂನ್ 19ರಂದು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಪಾದ್ರಿ ಹುನಿಪೆರೊ ಸೆರಾ ಅವರ ವಿಗ್ರಹವನ್ನು ಜನ ಎಳೆದು ಬೀಳಿಸಿದರು. ಸ್ಪೇನಿನ ಆಳ್ವಿಕೆಯಲ್ಲಿ ಮೂಲನಿವಾಸಿಗಳ ಬದುಕನ್ನು ಕಲಕಿದ ಮಿಷನ್ನುಗಳನ್ನು ಕಟ್ಟಿದವರು ಅವರು ಎಂಬುದು ಜನರ ಸಿಟ್ಟು. 1907ರ ಆ ವಿಗ್ರಹವೂ ಟಿಲ್ಡನ್ನನ ಕೈಯದೇ. ಅಲ್ಲಿ ಬಿದ್ದದ್ದು ಪಾದ್ರಿ. ಇಲ್ಲಿ ಶಾಲೆಯಲ್ಲಿ ನಿಂತಿರುವವರು ಆ ಪಾದ್ರಿಗಳಿಂದಲೂ ಅವರ ಹಿಂದೆ ಬಂದವರಿಂದಲೂ ನೊಂದ ಜನ. ಹಾಗಿದ್ದೂ ಆಕ್ಷೇಪ ಯಾಕೆ ಎಂದರೆ, ಅವರನ್ನು ತೋರಿಸಿದ ಬಗೆಗೆ. ಮನೆ ಮಠ, ಹೆಂಡತಿ ಮಕ್ಕಳು, ಮಾತು ಕತೆ ಯಾವುದೂ ಇಲ್ಲದ, ಕಾಡುಮೃಗದ ಜೊತೆ ಬಡಿದಾಡುವ ಬರಿಮೈಯ ಕಾಡುಜನ. ಯುರೋಪಿನ ನೋಟಕರಿಗೆ ಆಗ ಇಂಥದು ಬೇಕಿತ್ತು; 1889ರಲ್ಲಿ ಬಫೆಲೊ ಬಿಲ್ ತನ್ನ ಪ್ರದರ್ಶನ ತಂಡದೊಡನೆ ಪ್ಯಾರಿಸ್ಸನ್ನೇ ಬೆರಗುಗೊಳಿಸಿದ್ದ.

ಕ್ಯಾಲಿಫೋರ್ನಿಯಾದ ನಿಜಕತೆ ಬೇರೆ. 1846ರಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಅಲ್ಲಿನ ಮೂಲನಿವಾಸಿಗಳು ಕಾಲು ಶತಮಾನ ಕಳೆಯುವಷ್ಟರಲ್ಲಿ ಮೂವತ್ತು ಸಾವಿರಕ್ಕೆ ಇಳಿದರು. ಕೆಲವರು ರೋಗದಿಂದ, ಕೆಲವರು ಹಸಿವಿನಿಂದ, ಇನ್ನೆಷ್ಟೋ ಜನ ಗುಂಡಿನಿಂದ. 2019ರಲ್ಲಿ ರಾಜ್ಯದ ಗವರ್ನರೇ ಇದಕ್ಕೆ ಕ್ಷಮೆ ಕೇಳಿದರು. ಹುಲಿಯಂಥ ಆ ಗ್ರಿಜ್ಲಿ ಕರಡಿಯೂ 1920ರ ದಶಕದಲ್ಲಿ ಅಲ್ಲಿಂದ ಮಾಯವಾಯಿತು. ಈಗ ಅದು ಇರುವುದು ರಾಜ್ಯದ ಬಾವುಟದ ಮೇಲೆ. ಕರಡಿ ಹೋಯಿತು, ಆದರೆ ಜನ ಹೋಗಲಿಲ್ಲ. ಬರ್ಕ್ಲಿ, ಫ್ರೀಮಾಂಟ್ ಎರಡೂ ಇರುವ ನೆಲದ ಒಲೋನಿ ಜನರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲೇ ಬದುಕಿದ್ದಾರೆ. ತೀರಿಹೋದ ಪ್ರಾಣಿಯ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಬೇಡಿ ಎಂದು ಇಂಥ ಜನ ಕೇಳಿದರೆ ಅದು ಅತಿಯಾಯಿತೆನ್ನಲಾಗದು.

ಹೀಗೆ ಒಂದು ಆವರಣದಲ್ಲಿ ಎರಡು ನೋವು ಎದುರುಬದುರಾದವು. ಇಡಬೇಕು ಎನ್ನುವವರದು ಸುಳ್ಳಲ್ಲ: ಕಿವುಡರ ಚರಿತ್ರೆಯನ್ನು ಬರೆದವರೇ ಕಡಿಮೆ, ಇರುವುದೊಂದನ್ನೂ ಸಾಗಿಸಿದರೆ ಉಳಿಯುವುದೇನು? ತೆಗೆಯಬೇಕು ಎನ್ನುವವರದೂ ಸುಳ್ಳಲ್ಲ: ಶಾಲೆಯೆಂದರೆ ಸಂಗ್ರಹಾಲಯವಲ್ಲ, ಮಗು ಅದನ್ನು ದಿನವೂ ಹಾದುಹೋಗಬೇಕು. ಆ ಮಗು ಮೂಲನಿವಾಸಿಗಳ ಮನೆಯದೂ ಆಗಿರಬಹುದು. ಅದರ ಪಾಲಿಗೆ ಈ ಜಗಳದ ಎರಡು ಪಕ್ಷಗಳೂ ಒಂದೇ ಎದೆಯೊಳಗಿವೆ. ಮಾಡಿದವನು ಅದರವನು, ಮಾಡಲ್ಪಟ್ಟವರೂ ಅದರವರು.

ಇನ್ನೊಂದು ಸಂಗತಿ ಇಲ್ಲಿ ನೆನಪಾಗಬೇಕು. ಉತ್ತರ ಅಮೆರಿಕದ ಬಯಲು ಸೀಮೆಯ ಮೂಲನಿವಾಸಿಗಳಲ್ಲಿ, ಮಾತು ತಿಳಿಯದ ಪಂಗಡಗಳ ನಡುವೆ, ಶತಮಾನಗಳಿಂದ ಒಂದು ಸನ್ನೆಭಾಷೆ ನಡೆದುಬಂದಿತ್ತು. ಕಿವಿ ಕೇಳುವವರೂ ಕೈಯಲ್ಲಿ ಮಾತಾಡುತ್ತಿದ್ದರು. ಮುಂದೆ ಸರ್ಕಾರಿ ವಸತಿಶಾಲೆಗಳಲ್ಲಿ ಅವರ ಮಕ್ಕಳಿಗೂ ಸ್ವಂತ ಭಾಷೆಗೆ ಪೆಟ್ಟು ಬಿತ್ತು. ಮಿಲಾನಿನ ತೀರ್ಮಾನ ಕಿವುಡ ಮಕ್ಕಳಿಗೆ ಮಾಡಿದ್ದನ್ನೇ ಆ ವಸತಿಶಾಲೆಗಳು ಇವರಿಗೆ ಮಾಡಿದವು. ಟಿಲ್ಡನ್ ಹೀಗೊಂದು ಕೈಮಾತಿನ ನಂಟನ್ನು ಕಂಚಿಗೆ ಇಳಿಸಿದ್ದರೆ! ಅವನು ಬೇಟೆಯನ್ನು ಆರಿಸಿಕೊಂಡ. ಕಾಲ ಅವನಿಗೆ ತೋರಿಸಿದ್ದು ಅಷ್ಟನ್ನೇ.

ಶಿಲ್ಪ ಅಲ್ಲೇ ಇರಲಿ, ಪಕ್ಕದಲ್ಲೊಂದು ಫಲಕವಿರಲಿ ಎನ್ನಬಹುದು. ಸಂಗ್ರಹಾಲಯಕ್ಕೆ ಹೋಗಲಿ ಎನ್ನಬಹುದು. ಎದುರಿಗೆ ಮೂಲನಿವಾಸಿ ಶಿಲ್ಪಿಯೊಬ್ಬನ ಕೆಲಸ ಬರಲಿ ಎನ್ನಬಹುದು. ಯಾವುದಾದರೂ ಸರಿಯೇ, ತೀರ್ಮಾನಿಸುವ ಬಗೆಯಲ್ಲಿ ಮಾತ್ರ ತಪ್ಪಾಗಬಾರದು. ಯಾರ ವಿಷಯವೋ ಅವರನ್ನು ಹೊರಗಿಟ್ಟು ಅವರ ಹಣೆಬರಹ ಬರೆದರೆ ಏನಾಗುತ್ತದೆಂದು ಮಿಲಾನಿನಿಂದ ಕಲಿತವರು ಕಿವುಡರಿಗಿಂತ ಬೇರೆ ಯಾರಿದ್ದಾರೆ? ಅವರ ಶಾಲೆಯಲ್ಲಿ ನಡೆಯುವ ಪಂಚಾಯ್ತಿಯಲ್ಲಿ ಒಲೋನಿ ಜನರೂ ಕೂರಬೇಕು, ಹಳೆಯ ವಿದ್ಯಾರ್ಥಿಗಳೂ ಕೂರಬೇಕು, ಮಕ್ಕಳೂ ಕೂರಬೇಕು.

ಟಿಲ್ಡನ್ 1935ರಲ್ಲಿ ಬರ್ಕ್ಲಿಯಲ್ಲಿ, ಬಡತನದಲ್ಲಿ, ಒಂಟಿಯಾಗಿ ತೀರಿಕೊಂಡ. ಅವನ ಕರಡಿಯ ಬಾಯಿಂದ ಗರ್ಜನೆ ಹೊರಡಲಿಲ್ಲ, ಹೊರಟಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ಸುತ್ತ ನಿಂತು ಕೈಯಾಡಿಸಿ ವಾದ ಮಾಡುವವರನ್ನು ಕಂಡಿದ್ದರೆ, ಅವನಿಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು.