ಕೆಂಚನ ಸೂಜಿ, ಅಮ್ಮನ ಸೂಜಿ

ನಮ್ಮ ಕೆಂಚನಿಗೆ ಸಕ್ಕರೆ ಕಾಯಿಲೆ ಅಂತ ಮೊದಲು ಕಂಡುಹಿಡಿದಿದ್ದು ಇರುವೆಗಳು. ಆಮೇಲೆ ಅಮ್ಮ. ನಾನು, ಡಾಕ್ಟರು ಎಲ್ಲ ಆಮೇಲಿನ ಮಾತು.

2024ರ ಬೇಸಿಗೆ. ಬೆಂಗಳೂರಿನ ಆಫೀಸಲ್ಲಿ ಒಂದು ಮೀಟಿಂಗ್ ಮುಗಿಸಿ ಇನ್ನೊಂದಕ್ಕೆ ಹೋಗುವ ಮಧ್ಯೆ ಹೆಮ್ಮಿಗೆಯಿಂದ ಅಮ್ಮನ ಫೋನು. “ಹಿತ್ತಲಲ್ಲಿ ಕೆಂಚ ಒಂದಕ್ಕೆ ಹೋಗೋ ಮರಳುಗುಡ್ಡೆ ಇದ್ಯಲ್ಲ, ಅಲ್ಲೆಲ್ಲ ಇರುವೆ ಮುತ್ಕೊಂಡಿದೆ ಕಣೇ. ನಿಮ್ಮಪ್ಪಂಗೂ ಬಚ್ಚಲಲ್ಲಿ ಹಿಂಗೇ ಆಗಿತ್ತು, ನೆನಪಿದ್ಯಾ? ಇವನಿಗೂ ಶುಗರ್ರೇ ಇರ್ಬೇಕು.”

ನಾನು ನಕ್ಕುಬಿಟ್ಟೆ. “ಬೆಕ್ಕಿಗೆಲ್ಲಾ ಶುಗರ್ ಬರಲ್ಲಮ್ಮ. ಬೇಸಿಗೆ, ಇರುವೆ ಬಂದಿದೆ ಅಷ್ಟೆ. ಸಂಜೆ ಮಾಡ್ತೀನಿ ಇರು.” ಸಂಜೆ ಮಾಡಲಿಲ್ಲ.

ಕೆಂಚನನ್ನು ಊರಿಗೆ ತಂದವಳು ನಾನೇ. 2016ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಪಾರ್ಕಿಂಗಲ್ಲಿ, ನನ್ನ ಸ್ಕೂಟರ್ ಸೀಟಿನ ಮೇಲೆ ಸಿಕ್ಕ ಕೆಂಪು ಮರಿ. 2020ರ ಲಾಕ್‌ಡೌನಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಾಗ ಬುಟ್ಟಿಯಲ್ಲಿ ಅವನೂ ಬಂದ. ಆಫೀಸು ಮತ್ತೆ ಕರೆದಾಗ ನಾನು ಹೋದೆ, ಅವನು ಉಳಿದ. ಅಪ್ಪ ಹೋದ ಮೇಲೆ ಒಬ್ಬಳೇ ಇರುವ ಅಮ್ಮನಿಗೆ ಜೊತೆಯಾಗಲಿ ಅಂತ ಬಿಟ್ಟುಬಂದೆ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ನಿಜ ಏನಪ್ಪಾ ಅಂದರೆ, ಹೊಸ ಫ್ಲ್ಯಾಟಿನ ಓನರು ಬೆಕ್ಕು ಬೇಡ ಅಂದಿದ್ದರು.

ಹೆಮ್ಮಿಗೆ ತಿ. ನರಸೀಪುರದ ಕಡೆಯ ಊರು. ಗದ್ದೆ, ನಾಲೆ, ಕಾವೇರಿ, ಹತ್ತಿರದಲ್ಲೇ ತಲಕಾಡು. ಬೆಕ್ಕಿಗೆ ಇಲಿಗೇನೂ ಬರವಿಲ್ಲ. ಆದರೆ ನಮ್ಮ ಕೆಂಚ ಬೇಟೆಗೆ ಹೋಗುವ ಪೈಕಿ ಅಲ್ಲ. ಆಪರೇಷನ್ ಆದ ಗಂಡುಬೆಕ್ಕು, ಮೂರು ಹೊತ್ತು ಹಾಲನ್ನ, ಮಧ್ಯೆ ಮಧ್ಯೆ ನಾನು ಕಳಿಸುತ್ತಿದ್ದ ಒಣ ಫುಡ್ಡು, ಉಳಿದ ಹೊತ್ತು ಜಗಲಿ ಮೇಲೆ ನಿದ್ದೆ. ತೂಕ 6.8 ಕೆ.ಜಿ. “ಎಷ್ಟು ಮುದ್ದಾಗಿದಾನೆ” ಅಂತ ನಾವು ಫೋಟೋ ತೆಗೆದಿದ್ದೇ ತೆಗೆದಿದ್ದು.

ಎರಡು ವಾರ ಬಿಟ್ಟು ಊರಿಗೆ ಹೋದಾಗ ಆ ಕೆಂಚ ಇರಲಿಲ್ಲ. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಬಚ್ಚಲ ಬಕೆಟ್ಟಿಗೆ ತಲೆ ಹಾಕಿ ಒಂದೇ ಸಮ ನೀರು ಕುಡಿಯುತ್ತಿದ್ದ. ಊಟಕ್ಕೇನೂ ಕಮ್ಮಿ ಇಲ್ಲ, ಆದರೂ ಸೊರಗಿದ್ದ. ಜಗಲಿ ಹತ್ತಲು ಹೋಗಿ ಜಾರಿದ. ಹಿಂಗಾಲುಗಳನ್ನು ಬೆರಳ ಮೇಲೆ ಊರದೆ ಹಿಮ್ಮಡಿ ನೆಲಕ್ಕೆ ತಾಗಿಸಿ ನಡೆಯುತ್ತಿದ್ದ. ದಿನಸಿ ಅಂಗಡಿ ತಕ್ಕಡಿಯಲ್ಲಿ ಕೂರಿಸಿದೆವು. 4.9 ಕೆ.ಜಿ.

ಮಾರನೇ ದಿನ ಅವನನ್ನು ನಗರದ ಒಂದು ಕ್ಲಿನಿಕ್ಕಿಗೆ ಒಯ್ದೆವು. ಕಾರಲ್ಲಿ ಕಿರುಚಿ, ವೇಟಿಂಗ್ ಹಾಲಲ್ಲಿ ನಾಯಿಗಳನ್ನು ನೋಡಿ ನಡುಗಿ, ಅವನ ಕಥೆ ಮುಗಿದೇಹೋಗಿತ್ತು. ರಕ್ತದ ಸಕ್ಕರೆ 342. ಅಲ್ಲಿನ ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಹೇಳಿದರು: “ಡಯಾಬಿಟೀಸ್. ದಿನಕ್ಕೆ ಎರಡು ಇಂಜೆಕ್ಷನ್, ಬಹುಶಃ ಲೈಫ್‌ಲಾಂಗ್. ಹಳ್ಳೀಲಿ ವಯಸ್ಸಾದವರ ಕೈಲಿ ಆಗೋ ಕೆಲಸ ಅಲ್ಲ. ನೋವಿಲ್ಲದ ಹಾಗೆ ಕಳಿಸ್ಕೊಡೋಣ. ನಾಡಬೆಕ್ಕು ತಾನೇ, ಇನ್ನೊಂದು ಸಿಗುತ್ತೆ.”

ನಾನು ಏನೋ ಹೇಳಲು ಹೋದೆ. ಅಮ್ಮ ಮುಂದೆ ಬಂದಳು. “ನಾನು ಹನ್ನೊಂದು ವರ್ಷದಿಂದ ದಿನಕ್ಕೆ ಎರಡು ಸೂಜಿ ಚುಚ್ಕೋತಿದ್ದೀನಿ. ನನ್ನನ್ನೂ ಕಳಿಸ್ಕೊಟ್ಬಿಡ್ತೀರಾ?”

ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆವು.

ದನದ ಡಾಕ್ಟ್ರು

ನಮ್ಮ ಕಡೆ ಸರ್ಕಾರಿ ಪಶು ಆಸ್ಪತ್ರೆಯನ್ನು ಇವತ್ತಿಗೂ ದನದ ಆಸ್ಪತ್ರೆ ಅಂತಲೇ ಕರೆಯೋದು. ಕಾಲುಬಾಯಿ ಜ್ವರದ ಲಸಿಕೆ, ಕೆಚ್ಚಲು ಬಾವು, ಕರು ಅಡ್ಡ ಸಿಕ್ಕಿಕೊಂಡಿದ್ದು, ಅಲ್ಲಿನ ಕೆಲಸ ಇಂಥವೇ. ಬೆಕ್ಕು ತಗೊಂಡು ಹೋದರೆ ನಗುತ್ತಾರೇನೋ ಅಂತ ನನಗೆ ಅಳುಕು. ಅಮ್ಮನಿಗೆ ಅದೆಲ್ಲ ಇಲ್ಲ. “ನಮ್ಮ ಹಸು ಬದುಕಿಸಿದ ಡಾಕ್ಟ್ರು ಅವರು” ಅಂತ ಹೊರಟೇಬಿಟ್ಟಳು.

ಡಾಕ್ಟರು ನಗಲಿಲ್ಲ. ಗಂಬೂಟು ತೊಳೆದುಕೊಂಡು ಬಂದು, ಕೆಂಚನನ್ನು ಬುಟ್ಟಿಯಲ್ಲೇ ಬಿಟ್ಟು, ಮೊದಲು ಅಮ್ಮನನ್ನು ಮಾತಾಡಿಸಿದರು. ಎಷ್ಟು ನೀರು ಕುಡೀತಾನೆ, ಏನು ತಿಂತಾನೆ, ಎಂದಿನಿಂದ. ಇರುವೆ ಕಥೆ ಕೇಳಿ, “ಅಮ್ಮಾ, ಅರ್ಧ ಡಯಾಗ್ನೋಸಿಸ್ ನೀವೇ ಮಾಡಿದ್ದೀರಿ” ಅಂದರು. ಆಮೇಲೆ ಯಾವ ಡಾಕ್ಟರ ಬಾಯಲ್ಲೂ ನಾನು ಕೇಳಿರದ ಮಾತು ಹೇಳಿದರು: “ಸಕ್ಕರೆ ಕಾಯಿಲೆ ಇರೋ ಬೆಕ್ಕಿಗೆ ನಾನು ಇದುವರೆಗೂ ಟ್ರೀಟ್‌ಮೆಂಟ್ ಕೊಟ್ಟಿಲ್ಲ. ಎರಡು ದಿನ ಟೈಮ್ ಕೊಡಿ, ಓದ್ತೀನಿ. ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ನನ್ನ ಕ್ಲಾಸ್‌ಮೇಟ್ ಇದ್ದಾರೆ, ಅವರನ್ನೂ ಕೇಳ್ತೀನಿ. ಅಲ್ಲೀವರೆಗೂ ಒಂದು ಕೆಲಸ ಮಾಡೋಣ.”

ಆ ಕೆಲಸ ಮೂತ್ರ ಪರೀಕ್ಷೆ. ಹೆದರಿದ ಬೆಕ್ಕಿಗೆ ಕಾಯಿಲೆ ಇಲ್ಲದಿದ್ದರೂ ರಕ್ತದಲ್ಲಿ ಸಕ್ಕರೆ ಏರುತ್ತದಂತೆ. ಅದಕ್ಕೇ ಕ್ಲಿನಿಕ್ಕಿನಲ್ಲಿ ತೆಗೆದ ಒಂದೇ ಒಂದು ರೀಡಿಂಗ್ ನಂಬಿಕೊಂಡು ತೀರ್ಮಾನ ಮಾಡಬಾರದು. ಮನೆಯಲ್ಲಿ ಅಮ್ಮ ಹಳೇ ಟ್ರೇ ಹಿಡಿದು ಅರ್ಧ ದಿನ ಅವನ ಹಿಂದೆ ತಿರುಗಿ ಮೂತ್ರ ಹಿಡಿದಳು. ಅದರಲ್ಲೂ ಸಕ್ಕರೆ ಇತ್ತು, ಕಾಯಿಲೆ ಖಚಿತವಾಯಿತು. ಜೊತೆಗೆ ಡಾಕ್ಟರು ಕೀಟೋನ್ ಇದೆಯಾ ಅಂತ ರೊಥೆರಾ ಪರೀಕ್ಷೆ ಮಾಡಿದರು. ಕರು ಹಾಕಿದ ಹಸು ಮೇವು ಬಿಟ್ಟು ಸೊರಗಿದಾಗ ಮಾಡುವ ಪರೀಕ್ಷೆಯೇ ಅದು. ನೇರಳೆ ಬಣ್ಣಕ್ಕೆ ತಿರುಗಿದರೆ ಕೀಟೋನ್ ಇದೆ ಅಂತ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಅದು ಜೀವಕ್ಕೆ ಕುತ್ತು. ಕೆಂಚನದು ನೇರಳೆಯಾಗಲಿಲ್ಲ. “ಟೈಮ್ ಇದೆ” ಅಂದರು.

ಎರಡು ದಿನ ಬಿಟ್ಟು ಹೋದಾಗ ಅವರ ಮೇಜಿನ ಮೇಲೆ ಒಂದು ಹಾಳೆ ತುಂಬ ನೋಟ್ಸು. ಬೆಕ್ಕಿನ ಕಾಯಿಲೆ ಹೆಚ್ಚಾಗಿ ಮನುಷ್ಯರ ಟೈಪ್ 2 ಥರದ್ದೇ. ನಡುವಯಸ್ಸು, ಬೊಜ್ಜು, ಆಪರೇಷನ್ ಆದ ಗಂಡು, ಮನೆಯೊಳಗಿನ ಸೋಮಾರಿ ಬದುಕು, ಎಲ್ಲ ಸೇರಿ ಬರೋದು. ಮನುಷ್ಯರಿಗೆ ಕೊಡುವ ಗ್ಲಾರ್ಜಿನ್ ಇನ್ಸುಲಿನ್ನೇ ಬೆಕ್ಕಿಗೂ ಕೊಡಬಹುದು. ಬೇಗ ಹಿಡಿತಕ್ಕೆ ತಂದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಡವಾಗುವುದೂ ಉಂಟು. ಕೊನೆಗೆ ಅಮ್ಮನ ಕಡೆ ತಿರುಗಿ, “ಬೆಕ್ಕಿನ ಇನ್ಸುಲಿನ್‌ಗೂ ಹಸುವಿನ ಇನ್ಸುಲಿನ್‌ಗೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ ಅಂತೆ ಅಮ್ಮಾ. ಹಂಗಾಗಿ ನಾನು ದನದ ಡಾಕ್ಟ್ರಾದ್ರೂ ಪರವಾಗಿಲ್ಲ” ಅಂದರು. ಅಮ್ಮ ಆ ವಾರದಲ್ಲಿ ಮೊದಲ ಸಲ ನಕ್ಕಳು.

ಬೆಳಿಗ್ಗೆ ಏಳು, ಸಂಜೆ ಏಳು

ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್. ಕೆಂಚ ತಟ್ಟೆಗೆ ಬಾಯಿ ಹಾಕಿದಾಗ ಭುಜದ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಗುಡಾರದೊಳಗೆ ಸೂಜಿ ಹಾಕಬೇಕು. ನನ್ನ ಕೈ ನಡುಗಿತು. ಅಮ್ಮ ಕಸಿದುಕೊಂಡು ಕಣ್ಣು ಮಿಟುಕಿಸುವುದರೊಳಗೆ ಹಾಕಿ ಮುಗಿಸಿದಳು. ಅವನು ತಟ್ಟೆಯಿಂದ ತಲೆಯೂ ಎತ್ತಲಿಲ್ಲ. ಸಕ್ಕರೆ ನೋಡೋದು ಕಿವಿಯ ಅಂಚಲ್ಲಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ. ಅಮ್ಮನ ಗ್ಲುಕೋಮೀಟರೇ ಸಾಕಾಯಿತು. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಡಿಮೆ ತೋರಿಸಬಹುದು, ಯಾವಾಗಲೂ ಒಂದೇ ಮೀಟರ್ ಬಳಸಿ ಅಂತ ಡಾಕ್ಟರು ಹೇಳಿದ್ದರು.

ಸೂಜಿಗಿಂತ ಕಷ್ಟವಾಗಿದ್ದು ಊಟ. ಬೆಕ್ಕು ಹುಟ್ಟಾ ಮಾಂಸಾಹಾರಿ, ಅನ್ನ ಅರಗಿಸುವುದಕ್ಕೆ ಮಾಡಿದ ದೇಹ ಅಲ್ಲ ಅದು. ಹಾಲನ್ನವೂ ಒಣ ಫುಡ್ಡೂ ನಿಧಾನವಾಗಿ ನಿಲ್ಲಬೇಕು, ಮಾಂಸ ಜಾಸ್ತಿಯಾಗಬೇಕು. ನಮ್ಮದೋ ಮೊಟ್ಟೆಯೂ ಒಳಗೆ ಬರದ ಅಡುಗೆಮನೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪಕ್ಕದ ಮನೆ ಅಕ್ಕನ ಹತ್ತಿರ ತಾನೇ ಮಾತಾಡಿ ಬಂದಿದ್ದಳು. ಅವರ ಮನೆಯಲ್ಲಿ ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ನಮ್ಮ ಹಿತ್ತಲಲ್ಲಿ ಕೆಂಚನಿಗೆ ಬೇರೆ ತಟ್ಟೆ. ಬರೀ ಕೋಳಿಯಿಂದ ಪೋಷಕಾಂಶ ಸಾಲದು ಅಂತ ಡಾಕ್ಟರು ಹೇಳಿದ್ದರಿಂದ ನಾನು ಮೈಸೂರಿಂದ ಬೆಕ್ಕಿನ ಟಿನ್ ಫುಡ್ ತರಿಸುತ್ತಿದ್ದೆ. ಊಟ ಬದಲಾದಂತೆ ಇನ್ಸುಲಿನ್ ಅಳತೆಯೂ ಬದಲಾಗಬಹುದು, ಹಾಗಾಗಿ ಎರಡನ್ನೂ ಅವರನ್ನು ಕೇಳದೆ ಮುಟ್ಟುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಅಳತೆ ಎರಡು ಯೂನಿಟ್ಟಿಗೆ ಬಂತು. ನೀರು ಕುಡಿಯುವುದು ಕಮ್ಮಿಯಾಯಿತು. ಮರಳುಗುಡ್ಡೆಯಿಂದ ಇರುವೆ ಮಾಯವಾದವು.

ಆ ಮಧ್ಯಾಹ್ನ

ಎಲ್ಲ ಸರಿಹೋಯ್ತು ಅಂದುಕೊಳ್ಳುವಾಗಲೇ ಆಗಸ್ಟ್‌ನ ಒಂದು ಮಧ್ಯಾಹ್ನ ಅಮ್ಮನ ಫೋನು. ಮಾತೇ ಹೊರಡುತ್ತಿರಲಿಲ್ಲ. “ಕೆಂಚ ಕುಡಿದೋನ ಥರ ಓಲಾಡ್ತಿದಾನೆ ಕಣೇ. ಕರೆದ್ರೆ ನೋಡ್ತಿಲ್ಲ. ಮೀಟರಲ್ಲಿ ಮೂವತ್ತೆಂಟು.”

ಡಾಕ್ಟರಿಗೆ ಫೋನ್ ಹಾಕಿ ಅಮ್ಮನನ್ನೂ ಸೇರಿಸಿದೆ. ಅವರು ಒಂದೊಂದೇ ಹೇಳಿದರು: ಬಾಯಿಗೆ ಏನೂ ಸುರಿಯಬೇಡಿ, ನೆತ್ತಿಗೇರುತ್ತೆ. ಬೆರಳಲ್ಲಿ ಜೇನುತುಪ್ಪ ತಗೊಂಡು ಒಸಡಿಗೆ ಸವರಿ. ಸವರ್ತಾನೇ ಆಟೋದಲ್ಲಿ ಹೊರಡಿ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ, ಸಂಜೆವರೆಗೂ ತಮ್ಮ ಮೇಜಿನ ಪಕ್ಕದಲ್ಲೇ ಇಟ್ಟುಕೊಂಡರು. ನಾನು ಬೆಂಗಳೂರಿಂದ ಬಸ್ಸಲ್ಲಿ ಮಳವಳ್ಳಿ ದಾಟುವಾಗ ಅವರದೇ ಮೆಸೇಜು: “ಎದ್ದು ಕೂತು ನನ್ನನ್ನೇ ಬೈತಿದಾನೆ.”

ಆಗಿದ್ದಿಷ್ಟು. ಅಮ್ಮನ ಇನ್ಸುಲಿನ್ 40ರ ಬಾಟಲಿ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕೆಂಚನದು 100ರ ಬಾಟಲಿ, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಅವತ್ತು ಕಿತ್ತಳೆ ಮುಗಿದಿತ್ತು. ಸೂಜಿ ಎಲ್ಲ ಒಂದೇ ಅಂತ ಅಮ್ಮ ತನ್ನದರಲ್ಲೇ ಎರಡು ಗೀಟು ಎಳೆದಳು. ಕೆಂಪು ಸಿರಿಂಜಿನ ಎರಡು ಗೀಟಿನಷ್ಟು ಜಾಗದಲ್ಲಿ 100ರ ಇನ್ಸುಲಿನ್ ತುಂಬಿದರೆ ಅದು ಎರಡಲ್ಲ, ಐದು ಯೂನಿಟ್. ಎರಡೂವರೆ ಪಟ್ಟು.

ನಾನು ಆಸ್ಪತ್ರೆ ತಲುಪಿದಾಗ ಅಮ್ಮ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. “ನಾನೇ ಕೊಂದ್‌ಬಿಡ್ತಿದ್ದೆ.” ಬಸ್ಸಿನುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಡಾಕ್ಟರು ಬಂದು ಪಕ್ಕದಲ್ಲಿ ಕೂತರು. “ತಪ್ಪು ನಿಮ್ಮದೊಬ್ಬರದೇ ಅಲ್ಲಮ್ಮಾ. ಎರಡನ್ನೂ ಒಂದೇ ಬುಟ್ಟೀಲಿಡಬೇಡಿ ಅಂತ ನಾನೂ ಹೇಳ್ಲಿಲ್ಲ.” ಆಮೇಲೆ ಸುಮ್ಮನೆ ಕೇಳಿದಂತೆ ಕೇಳಿದರು: “ಬೆಳಿಗ್ಗೆ ನಿಮ್ಮ ಸೂಜಿ ಹಾಕ್ಕೊಂಡ್ರಾ?”

ಅಮ್ಮ ನೆಲ ನೋಡಿದಳು.

ಹಾಕಿಕೊಂಡಿರಲಿಲ್ಲ. ಅವತ್ತಷ್ಟೇ ಅಲ್ಲ. ಎಷ್ಟೋ ತಿಂಗಳಿಂದ ರಾತ್ರಿ ಸೂಜಿ ಬಿಡುತ್ತಿದ್ದಳಂತೆ. “ಒಬ್ಬಳಿಗೇ ಏನು ಅಡುಗೆ ಅಂತ ಒಂದು ಲೋಟ ಹಾಲು ಕುಡಿದು ಮಲಗ್ತೀನಿ. ಊಟಾನೇ ಇಲ್ದಿದ್ಮೇಲೆ ಸೂಜಿ ಯಾಕೆ?” ದಿನಾ ಫೋನಲ್ಲಿ “ಊಟ ಆಯ್ತಾ” ಅಂತ ಕೇಳುತ್ತಿದ್ದೆ. “ಆಯ್ತು” ಅನ್ನುತ್ತಿದ್ದಳು. ಬೆಕ್ಕಿನ ಸಕ್ಕರೆ ಬೆಳಿಗ್ಗೆ ಎಷ್ಟು ಸಂಜೆ ಎಷ್ಟು ಅಂತ ನನ್ನ ಮೊಬೈಲಲ್ಲಿ ಶೀಟ್ ಇತ್ತು. ಅಮ್ಮನದು ಇರಲಿಲ್ಲ.

ಡಾಕ್ಟರು ಉಪದೇಶ ಮಾಡಲಿಲ್ಲ. “ನಿಮ್ಮ ಡಾಕ್ಟರನ್ನ ಈ ವಾರವೇ ನೋಡಿ, ಇದನ್ನೆಲ್ಲ ಹೇಳಿ. ನೀವು ಮಲಗಿದ್ರೆ ಇವನಿಗೆ ಚುಚ್ಚೋರು ಯಾರು?” ಅಂದರು ಅಷ್ಟೆ. ನಾನು ಹೇಳಿದ್ದರೆ ಜಗಳವಾಗುತ್ತಿತ್ತು. ಅವರು ಹೇಳಿದ್ದಕ್ಕೆ ಅಮ್ಮ ತಲೆಯಾಡಿಸಿದಳು.

ಈಗ ಫ್ರಿಜ್ಜಿನಲ್ಲಿ ಎರಡು ಡಬ್ಬಿ. ಕೆಂಪು ಟೇಪು ಅಮ್ಮನದು, ಕಿತ್ತಳೆ ಟೇಪು ಕೆಂಚನದು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ನಾಲ್ಕು ಟಿಕ್ಕು. ಅಮ್ಮನ ಡಾಕ್ಟರು ಔಷಧಿ ಬದಲಿಸಿ, ರಾತ್ರಿ ಊಟ ತಪ್ಪಿಸಬಾರದು ಅಂತ ಕಟ್ಟುನಿಟ್ಟು ಮಾಡಿದ್ದಾರೆ. ಕೆಂಚ 5.6 ಕೆ.ಜಿ. ಆಗಿ, ಒಂದು ಯೂನಿಟ್ಟಿಗೆ ಇಳಿದಿದ್ದಾನೆ. ಇನ್ಸುಲಿನ್ ಪೂರ್ತಿ ನಿಂತಿಲ್ಲ, ನಿಲ್ಲದೆಯೂ ಇರಬಹುದು. ಜಗಲಿ ಹತ್ತುತ್ತಾನೆ. ಹಿಂಗಾಲು ಇನ್ನೂ ಸ್ವಲ್ಪ ಎಳೆಯುತ್ತಾನೆ.

ನಿಮ್ಮ ಮನೆಯಲ್ಲೂ ಬೆಕ್ಕಿದ್ದರೆ

ನೀರು ಜಾಸ್ತಿ ಕುಡಿಯುತ್ತಾ, ಚೆನ್ನಾಗಿ ತಿಂದರೂ ಸೊರಗುತ್ತಾ ಇದ್ದರೆ ಕಾಯಬೇಡಿ, ನನ್ನ ಹಾಗೆ ನಗಲೂ ಬೇಡಿ. ಡಾಕ್ಟರ ಹತ್ತಿರ ಹೋದಾಗ ಬೋರ್ಡು, ಎ.ಸಿ. ನೋಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರಾ, ಓದಿ ಹೇಳುತ್ತೀನಿ ಅನ್ನುತ್ತಾರಾ, ಮನೆಯಲ್ಲಿ ಸೂಜಿ ಹಾಕುವವರು ಯಾರು ಅಂತ ಕೇಳುತ್ತಾರಾ, ಅದನ್ನು ನೋಡಿ. ಅಂಥವರು ದೊಡ್ಡ ಕ್ಲಿನಿಕ್ಕಿನಲ್ಲೂ ಇರಬಹುದು, ದನದ ಆಸ್ಪತ್ರೆಯಲ್ಲೂ ಇರಬಹುದು. ಇನ್ಸುಲಿನ್ ಬಾಟಲಿ ಯಾವುದು, ಸಿರಿಂಜು ಯಾವುದು ಅಂತ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ತೋರಿಸಿ. ಜೇನುತುಪ್ಪದ ಬಾಟಲಿ ಕೈಗೆ ಸಿಗುವ ಕಡೆ ಇರಲಿ.

ಈಗ ಸಂಜೆ ಏಳು ದಾಟಿದ ಮೇಲೆ ಅಮ್ಮನೇ ಫೋನ್ ಮಾಡುತ್ತಾಳೆ. “ಇಬ್ಬರದೂ ಆಯ್ತು.” ಮೊನ್ನೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಬಂತು. “ನಿಮ್ಮಪ್ಪಂಗಿತ್ತು, ನನಗಿದೆ. ನೀನು ಯಾವತ್ತಾದ್ರೂ ಚೆಕ್ ಮಾಡಿಸಿದ್ಯಾ?”

“ಮುಂದಿನ ವಾರ ಮಾಡಿಸ್ತೀನಮ್ಮ” ಅಂದೆ. ಆ ಕಡೆಯಿಂದ ಮಾತಿಲ್ಲ. ಕೆಂಚ ಮಾತ್ರ ಊಟಕ್ಕೆ ಕೂಗುತ್ತಿದ್ದ.

ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ಬಂದೆ. ರಿಪೋರ್ಟ್ ಬಂದಿದೆ. ಅಂಚಿನಲ್ಲಿದ್ದೀನಂತೆ. ಅನ್ನ ಕಮ್ಮಿ ಮಾಡಿದ್ದೀನಿ.